ಸಸೆಕ್ಸಿನ ಹೊಲಕ್ಕೆ ಮುಯ್ಯಾಳು

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ರೈಲು ಸುಮಾರು ಒಂದು ಗಂಟೆಯಲ್ಲಿ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರು ತಲುಪುತ್ತದೆ. ಆ ರೈಲಿಗೆ ಅದೇ ಕೊನೆಯ ನಿಲ್ದಾಣ. ಅಲ್ಲಿಂದ ಐದು ಕಿಲೋಮೀಟರ್ ಆಚೆಗಿರುವ ಫಾರೆಸ್ಟ್ ರೋ ಎಂಬ ಹಳ್ಳಿಗೆ ಹಿಂದೆ ರೈಲಿತ್ತು. 1967ರಲ್ಲಿ ಆ ಮಾರ್ಗವನ್ನು ಮುಚ್ಚಿದರು. ಹಳಿ ಕಿತ್ತ ಜಾಗದಲ್ಲಿ ಈಗ ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ನೆರಳಿನ ದಾರಿಯಿದೆ. ಹಳ್ಳಿ ದಾಟಿದರೆ ಆಶ್‌ಡೌನ್ ಫಾರೆಸ್ಟ್. ಹೆಸರು ಕಾಡೆಂದಿದ್ದರೂ ಅದರ ಬಹುಭಾಗ ಕುರುಚಲು ಗಿಡಗಳ ಬಯಲು. ರಾಜರು ಜಿಂಕೆ ಬೇಟೆಯಾಡುತ್ತಿದ್ದ ನೆಲ. ವಿನ್ನಿ ದ ಪೂ ಎಂಬ ಕರಡಿಮರಿಯ ಕತೆಗಳನ್ನು ಓದಿದ ಮಕ್ಕಳಿಗೆ ಈ ಊರು ಪರಕೀಯವಲ್ಲ; ಎ.ಎ. ಮಿಲ್ನ್ ಅವರ ಆ ಕತೆಗಳು ನಡೆಯುವುದು ಈ ಬಯಲಿನಲ್ಲೇ.

ಪ್ರವಾಸಿಗಳು ಸಾಮಾನ್ಯವಾಗಿ ಹುಡುಕಿಕೊಂಡು ಬರುವುದು ಆ ಕರಡಿಮರಿಯನ್ನು. ಆದರೆ ಇದೇ ಫಾರೆಸ್ಟ್ ರೋ ಹಳ್ಳಿಗೆ ಇನ್ನೊಂದು ಸಣ್ಣ ಚರಿತ್ರೆಯಿದೆ. ಕೈಯಲ್ಲಿ ಹಣವಿಲ್ಲದ, ಮನಸ್ಸಿನಲ್ಲಿ ಊರು ಸುತ್ತುವ ಆಸೆಯಿರುವ ಸಾವಿರಾರು ತರುಣ ತರುಣಿಯರು ಜಗತ್ತಿನ ಹೊಲಮನೆಗಳಲ್ಲಿ ದುಡಿದು, ಉಂಡು, ಮಲಗಿ, ಮುಂದಿನ ಊರಿಗೆ ಹೋಗುವ ಒಂದು ಪದ್ಧತಿ ಹುಟ್ಟಿದ್ದು ಇಲ್ಲಿ.

ಒಂದು ವಾರಾಂತ್ಯದ ಕತೆ

ಅದು 1971ರ ಶರತ್ಕಾಲ. ಲಂಡನ್ನಿನ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಸೂ ಕಾಪರ್ಡ್ ಎಂಬ ಮಹಿಳೆಗೆ ಹಳ್ಳಿಯ ಗಾಳಿ ಬೇಕೆನಿಸಿತು. ಹಳ್ಳಿಯಲ್ಲಿ ನೆಂಟರಿಲ್ಲ, ಹೋಟೆಲಿನಲ್ಲಿ ತಂಗಲು ಹಣವಿಲ್ಲ. ದುಡಿಯಲು ಎರಡು ಕೈಗಳಿವೆಯಲ್ಲ, ಅದನ್ನೇ ಕೊಟ್ಟರಾಗದೆ ಎಂದು ಯೋಚಿಸಿದರು. ಸಾವಯವ ಕೃಷಿಯ ಪ್ರಚಾರಕ್ಕೆಂದು 1946ರಲ್ಲಿ ಹುಟ್ಟಿದ್ದ ಸಾಯಿಲ್ ಅಸೋಸಿಯೇಷನ್‌ನ ಪರಿಚಯದ ಮೂಲಕ, ಫಾರೆಸ್ಟ್ ರೋದ ಎಮರ್ಸನ್ ಕಾಲೇಜಿನ ಹೊಲದಲ್ಲಿ ಒಂದು ವಾರಾಂತ್ಯ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ಹೋದವರು ನಾಲ್ವರು. ದುಡಿದರು, ಉಂಡರು, ಮಲಗಿದರು, ಲಂಡನ್ನಿಗೆ ಮರಳಿದರು.

ಹೊಲದವರಿಗೂ ಹಿತವಾಯಿತು, ಹೋದವರಿಗೂ ಹಿತವಾಯಿತು. ರಾಸಾಯನಿಕ ಕಳೆನಾಶಕ ಬಳಸದ ಹೊಲದಲ್ಲಿ ಕಳೆ ಕೀಳಲು ಕೈಗಳು ಎಷ್ಟಿದ್ದರೂ ಸಾಲವು. ಬೇರೆ ರೈತರೂ ಮುಂದೆ ಬಂದರು. ‘ಸಾವಯವ ಹೊಲಗಳಲ್ಲಿ ದುಡಿಮೆಯ ವಾರಾಂತ್ಯ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ‘ವೂಫ್’ ಎಂದು ಹೆಸರಾಯಿತು. ಇಂಗ್ಲಿಷಿನಲ್ಲಿ ನಾಯಿ ಬೊಗಳುವ ಸದ್ದಿಗೂ ಅದೇ ಪದವಾದ್ದರಿಂದ ಹೆಸರು ಬೇಗ ಬಾಯಿಗೆ ಹತ್ತಿತು. ಎರಡು ದಿನದ ಕೆಲಸ ಎರಡು ವಾರವಾಯಿತು, ಎರಡು ತಿಂಗಳಾಯಿತು. 1970ರ ದಶಕದಲ್ಲೇ ಈ ಪದ್ಧತಿ ನ್ಯೂಜಿಲೆಂಡಿಗೆ ಹೋಯಿತು. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಹೀಗೆ ಬಾಗಿಲು ತೆರೆಯುವ ಹೊಲಮನೆಗಳಿವೆ, ಭಾರತದಲ್ಲೂ ಇವೆ.

ಪರವೂರಿನ ಮನೆಯಲ್ಲಿ ತಂಗಿ ಲೋಕ ಕಾಣುವ ಹಂಬಲ ಇದಕ್ಕಿಂತ ಹಳೆಯದು. ಡೊನಾಲ್ಡ್ ವಾಟ್ ಎಂಬ ಅಮೆರಿಕನ್ನರು 1932ರಲ್ಲೇ ವಿದ್ಯಾರ್ಥಿಗಳನ್ನು ಯುರೋಪಿಗೆ ಕರೆದೊಯ್ದು ಅಂತಾರಾಷ್ಟ್ರೀಯ ಸಹಬಾಳ್ವೆಯ ಪ್ರಯೋಗ ಆರಂಭಿಸಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಡೆನ್ಮಾರ್ಕಿನಲ್ಲಿ ‘ಸರ್ವಾಸ್’ ಹುಟ್ಟಿತು. ಒಬ್ಬರ ಮನೆಯಲ್ಲಿ ಉಂಡವರು ಅವರ ಮೇಲೆ ಬಂದೂಕು ಎತ್ತಲಾರರು ಎಂಬುದು ಅದರ ಹಿಂದಿನ ನಂಬಿಕೆ. 1967ರ ಯುದ್ಧದ ನಂತರ ಇಸ್ರೇಲಿನ ಸಾಮೂಹಿಕ ಕೃಷಿಗ್ರಾಮಗಳಾದ ಕಿಬ್ಬುಟ್ಸ್‌ಗಳಿಗೆ ಪಾಶ್ಚಾತ್ಯ ದೇಶಗಳ ತರುಣರು ಹಿಂಡುಹಿಂಡಾಗಿ ಹೋಗಿ ದುಡಿದರು. ವೂಫ್ ಈ ಎರಡು ಎಳೆಗಳನ್ನು, ಮನೆಯ ವಾಸವನ್ನೂ ಹೊಲದ ದುಡಿಮೆಯನ್ನೂ, ಒಂದಾಗಿ ಹೊಸೆಯಿತು.

ಹಂಗೋ ಲೆಕ್ಕವೋ?

ಕನ್ನಡ ನಾಡಿನವರಿಗೆ ಇದು ಪೂರಾ ಹೊಸದೆನಿಸಬೇಕಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ವಿದ್ಯೆ ಕಲಿತರು. ಅನ್ನ ಕೊಟ್ಟ ತಾಯಂದಿರನ್ನು ಅವರು ಕೊನೆಯವರೆಗೂ ನೆನೆದರು. ಆದರೆ ಆ ಊಟದಲ್ಲಿ ಒಂದು ಹಂಗಿತ್ತು. ಬಡಿಸುವವರ ಮುಖ ನೋಡಿ ಎರಡನೆಯ ಸಲ ಅನ್ನ ಕೇಳಬೇಕಿತ್ತು.

ಇನ್ನೊಂದು ಪದ್ಧತಿ ಹೊಲದ್ದು. ನಾಟಿಯ ಕಾಲದಲ್ಲಿ ಇವತ್ತು ಇವರ ಗದ್ದೆಗೆ ಎಲ್ಲರೂ, ನಾಳೆ ಅವರ ಗದ್ದೆಗೆ ಎಲ್ಲರೂ. ಕೂಲಿಯ ಮಾತಿಲ್ಲ, ಗದ್ದೆಯವರ ಮನೆಯಲ್ಲಿ ಊಟ. ಇದು ಮುಯ್ಯಿ, ಹೀಗೆ ದುಡಿಯಲು ಬಂದವರು ಮುಯ್ಯಾಳುಗಳು. ಇಲ್ಲಿ ಹಂಗಿಲ್ಲ, ಲೆಕ್ಕವಿದೆ. ಯಾರೂ ಬರೆದಿಡದ, ಆದರೆ ಎಲ್ಲರಿಗೂ ನೆನಪಿರುವ ಲೆಕ್ಕ.

ವೂಫ್‌ನ ಹುರುಳು ಇರುವುದು ಈ ಎರಡನೆಯದರಲ್ಲಿ. ಸಾಮಾನ್ಯವಾಗಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ. ಅದಕ್ಕೆ ಪ್ರತಿಯಾಗಿ ಊಟ ಮತ್ತು ಹಾಸಿಗೆ. ಹಣ ಅತ್ತಲಿಂದಿತ್ತ ಹೋಗುವುದಿಲ್ಲ, ಇತ್ತಲಿಂದತ್ತಲೂ ಹೋಗುವುದಿಲ್ಲ. ಹೋದವನು ಅತಿಥಿಯಲ್ಲ, ಆಳೂ ಅಲ್ಲ. ಲೆಕ್ಕ ಸಮನಾಗಿರುವವರೆಗೆ ಇಬ್ಬರೂ ನೇರವಾಗಿ ಮುಖ ನೋಡಿ ಮಾತಾಡಬಹುದು. ತಕ್ಕಡಿ ಒಂದು ಕಡೆಗೆ ವಾಲಿದರೆ ಅದು ವಾರಾನ್ನವಾಗುತ್ತದೆ, ಇಲ್ಲವೇ ಬಿಟ್ಟಿ ಚಾಕರಿಯಾಗುತ್ತದೆ. ಮಕ್ಕಳನ್ನು ಕಳಿಸುವ ತಂದೆ ತಾಯಿ ಮೊದಲು ತಿಳಿಯಬೇಕಾದ ಮಾತು ಇದು.

ಹೊಲದಲ್ಲಿ ಒಂದು ದಿನ

ಫಾರೆಸ್ಟ್ ರೋದಲ್ಲಿ ಈಗಲೂ ಬೇಸಾಯ ನಿಂತಿಲ್ಲ. ಊರವರು ಸೇರಿ ಸಹಕಾರಿ ರೀತಿಯಲ್ಲಿ ನಡೆಸುವ ಟೇಬಲ್‌ಹರ್ಸ್ಟ್ ಎಂಬ ಹೊಲ ಹಳ್ಳಿಯ ಅಂಚಿನಲ್ಲೇ ಇದೆ. ಸುತ್ತಲ ಸಸೆಕ್ಸ್ ಪ್ರಾಂತದಲ್ಲಿ ದೊಡ್ಡ ಹೊಲಗಳೂ ಇವೆ, ನಾಲ್ಕಾರು ಕುರಿ, ಇಪ್ಪತ್ತು ಕೋಳಿ, ಒಂದು ತರಕಾರಿ ತೋಟ ಇಟ್ಟುಕೊಂಡ ಪುಟ್ಟ ಸಂಸಾರಗಳೂ ಇವೆ. ಇಲ್ಲಿಯ ಮಣ್ಣು ಬಹಳ ಕಡೆ ಅಂಟು ಜೇಡಿ. ಮಳೆ ಬಂದರೆ ಒಂದೊಂದು ಬೂಟಿಗೂ ಒಂದೊಂದು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಬರುವವರಿಗೆ ಮೊಣಕಾಲುದ್ದದ ರಬ್ಬರ್ ಬೂಟು ಮೊದಲ ಆಸ್ತಿ.

ಕೆಲಸ ಋತುವಿನಂತೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ಕಾಲ. ನಡುರಾತ್ರಿ ಎದ್ದು ಟಾರ್ಚು ಹಿಡಿದು ಕೊಟ್ಟಿಗೆಗೆ ಹೋಗಬೇಕಾಗಬಹುದು. ಬೇಸಿಗೆಯಲ್ಲಿ ಒಣಹುಲ್ಲು ಒಟ್ಟುವುದು, ಕಳೆ ಕೀಳುವುದು, ಹಣ್ಣು ಬಿಡಿಸುವುದು. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಶರತ್ಕಾಲದಲ್ಲಿ ಸೇಬು ಕೊಯ್ಲು, ಆಲೂಗಡ್ಡೆ ಅಗೆತ. ಚಳಿಗಾಲದಲ್ಲಿ ಮುಳ್ಳುಪೊದೆ ಸವರುವುದು, ಬೇಲಿ ಕಟ್ಟುವುದು, ಮಂಜು ಕವಿದ ಬೆಳಗಿನಲ್ಲಿ ಕೈ ಮರಗಟ್ಟುತ್ತಿರುವಾಗ ಕೋಸು ಕತ್ತರಿಸುವುದು. ವರ್ಷವಿಡೀ ತಪ್ಪದ ಕೆಲಸ ಒಂದೇ: ಕೈಗಾಡಿಯಲ್ಲಿ ಸಗಣಿ ಸಾಗಿಸುವುದು.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೆಳೆದು, ಸಗಣಿ ಕಂಡರೆ ಮೂಗು ಮುಚ್ಚುವ ಮಕ್ಕಳಿಗೆ ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಎಮರ್ಸನ್ ಕಾಲೇಜಿನ ಹೊಲ ಅನುಸರಿಸುತ್ತಿದ್ದುದು ಜೈವಿಕ ಚೈತನ್ಯ ಕೃಷಿ. ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಬಂದ ಈ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂಳುತ್ತಾರೆ. ವಸಂತದಲ್ಲಿ ಹೊರತೆಗೆದು, ಚಿಟಿಕೆಯಷ್ಟನ್ನು ನೀರಿನಲ್ಲಿ ಒಂದು ಗಂಟೆ ಕಲಕಿ ಹೊಲಕ್ಕೆ ಚಿಮುಕಿಸುತ್ತಾರೆ. ಇದರ ಫಲವನ್ನು ವಿಜ್ಞಾನಿಗಳು ಒಪ್ಪಿಲ್ಲ. ಆದರೆ ಆ ಕೊಂಬನ್ನು ಕೈಯಲ್ಲಿ ಹಿಡಿದ ಭಾರತದ ಹುಡುಗನಿಗೆ ಹಿತ್ತಲ ಕೊಟ್ಟಿಗೆಯ ಅಜ್ಜಿ ನೆನಪಾಗದೆ ಇರಲಾರಳು.

ಕಾಂಪೋಸ್ಟ್ ಗುಂಡಿಯ ಕತೆಯಂತೂ ನೇರವಾಗಿ ಭಾರತಕ್ಕೇ ಬಂದು ನಿಲ್ಲುತ್ತದೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದರು. ಕಸ, ಸಗಣಿ, ಸೊಪ್ಪುಸದೆಗಳನ್ನು ಪದರಪದರವಾಗಿ ಒಟ್ಟಿ ಗೊಬ್ಬರ ಮಾಡುವ ವಿಧಾನವನ್ನು ಅಲ್ಲಿ ರೂಪಿಸಿ ಅದಕ್ಕೆ ಇಂದೋರ್ ವಿಧಾನ ಎಂದೇ ಹೆಸರಿಟ್ಟರು. ಇಲ್ಲಿಯ ರೈತರೇ ತಮಗೆ ಗುರುಗಳು ಎಂದು ಭಾವಿಸಿದವರು ಅವರು. ಅವರ ವಿಚಾರಗಳಿಂದ ಪ್ರೇರಿತರಾದ ಈವ್ ಬಾಲ್ಫೋರ್ ಮೊದಲಾದವರು ಕಟ್ಟಿದ್ದೇ ಆ ಸಾಯಿಲ್ ಅಸೋಸಿಯೇಷನ್. ಸಸೆಕ್ಸಿನ ತಿಪ್ಪೆಯ ಬಳಿ ನಿಂತು ‘ಹೀಗೆ ಪದರ ಹಾಕು’ ಎಂದು ಇಂಗ್ಲಿಷ್ ರೈತ ಹೇಳಿಕೊಡುವಾಗ ಇಂದೋರಿನ ಪಾಠವೇ ಸುತ್ತು ಬಳಸಿ ನಮ್ಮ ಹುಡುಗರ ಕೈಗೆ ಬಂದಿರುತ್ತದೆ.

ಅಡಿಗೆಮನೆಯ ಮೇಜಿನ ಸುತ್ತ

ಹೊಲದ ಕೆಲಸಕ್ಕಿಂತ ಕಷ್ಟದ್ದು ಮನೆಯ ವಾಸ. ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲವಲ್ಲ, ಅದರ ಒಳಗಿನ ಅಭ್ಯಾಸಗಳು. ಬೂಟು ಬಾಗಿಲಲ್ಲೇ ಬಿಡಬೇಕು; ಇದು ನಮ್ಮವರಿಗೆ ಸಲೀಸು. ಬಿಸಿನೀರು ತೊಟ್ಟಿಯಲ್ಲಿ ಇಷ್ಟೇ ಇರುತ್ತದೆ. ಮೊದಲು ಹೋದವರು ಮುಗಿಸಿದರೆ ಹಿಂದಿನವರಿಗೆ ತಣ್ಣೀರೇ ಗತಿ. ಕೋಣೆ ಬೆಚ್ಚಗಾಗಿಸಲು ಇಂಧನ ದುಬಾರಿ. ಚಳಿಯಾದರೆ ಇನ್ನೊಂದು ಸ್ವೆಟರ್ ಹಾಕಿಕೋ ಎನ್ನುವ ಮನೆಗಳೇ ಹೆಚ್ಚು. ಯಜಮಾನನನ್ನು ‘ಸರ್’ ಎನ್ನುವಂತಿಲ್ಲ, ಯಜಮಾನಿಯನ್ನು ‘ಆಂಟಿ’ ಎನ್ನುವಂತಿಲ್ಲ. ತಂದೆಯ ವಯಸ್ಸಿನವರನ್ನೂ ಹೆಸರು ಹಿಡಿದು ಕರೆಯಬೇಕು. ನಾಲಿಗೆ ಹೊರಳಲು ನಾಲ್ಕು ದಿನ ಬೇಕಾಗುತ್ತದೆ.

ಎಲ್ಲಕ್ಕಿಂತ ಪೇಚು ಊಟದ್ದು. ನಮ್ಮಲ್ಲಿ ಬಡಿಸುವವರು ಮೂರು ಸಲ ಒತ್ತಾಯಿಸುತ್ತಾರೆ, ಉಣ್ಣುವವರು ಎರಡು ಸಲ ಬೇಡವೆನ್ನುತ್ತಾರೆ. ಅಲ್ಲಿ ಕೇಳುವುದು ಒಂದೇ ಸಲ. ಸಂಕೋಚದಿಂದ ಬೇಡವೆಂದರೆ ಪಾತ್ರೆ ಮುಂದಕ್ಕೆ ಹೋಗುತ್ತದೆ, ಹುಡುಗ ಅರೆಹೊಟ್ಟೆಯಲ್ಲಿ ಏಳುತ್ತಾನೆ. ಅದು ಜಿಪುಣತನವಲ್ಲ, ನಿನ್ನ ಮಾತನ್ನು ನಂಬುತ್ತೇನೆ ಎಂಬ ಮರ್ಯಾದೆ. ಹಸಿವಾಗಿದ್ದರೆ ಹಸಿವೆ ಎನ್ನುವುದು, ಮಾಂಸ ತಿನ್ನುವುದಿಲ್ಲವಾದರೆ ಹೋಗುವ ಮುಂಚೆಯೇ ತಿಳಿಸುವುದು, ಆಗದ ಕೆಲಸವನ್ನು ಆಗದು ಎನ್ನುವುದು, ಇವಿಷ್ಟನ್ನು ಕಲಿತರೆ ಅರ್ಧ ಯಾತ್ರೆ ಸುಗಮ.

ಉಂಡ ತಟ್ಟೆಯನ್ನು ಉಂಡವರೇ ತೊಳೆಯಬೇಕು ಎಂಬುದೂ ಆ ಮೇಜಿನ ಪಾಠಗಳಲ್ಲೊಂದು. ‘ನೀನು ಓದಿಕೋ, ತಟ್ಟೆ ನಾನು ತೊಳೆಯುತ್ತೇನೆ’ ಎಂದು ಅಮ್ಮ ಹದಿನೆಂಟು ವರ್ಷ ಹೇಳಿದ ಮನೆಯ ಮಗ, ಸಾವಿರಾರು ಮೈಲಿ ದಾಟಿ, ಅಪರಿಚಿತರ ಅಡಿಗೆಮನೆಯಲ್ಲಿ ಆರು ಜನರ ಪಾತ್ರೆ ತೊಳೆಯುತ್ತಾನೆ. ಅಂಥವನು ಊರಿಗೆ ಮರಳಿದ ಮೇಲೂ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದರೆ, ಹೋಗಿ ಬಂದದ್ದು ದಂಡ.

ಕಾನೂನಿಗೆ ಮುಯ್ಯಿ ಗೊತ್ತಿಲ್ಲ

ಇಷ್ಟು ಓದಿ ಪಾಸ್‌ಪೋರ್ಟ್ ಹುಡುಕಲು ಹೊರಟವರು ಒಂದು ನಿಮಿಷ ನಿಲ್ಲಬೇಕು. ಕೂಲಿಯಿಲ್ಲದ ಮೇಲೆ ಇದು ಕೆಲಸವೇ ಅಲ್ಲ, ಪ್ರವಾಸಿ ವೀಸಾ ಸಾಕು ಎಂದು ಹಲವರು ತಿಳಿದಿದ್ದಾರೆ. ಬಹಳ ದೇಶಗಳ ಕಾನೂನು ಹಾಗೆ ತಿಳಿಯುವುದಿಲ್ಲ. ನ್ಯೂಜಿಲೆಂಡಿನಲ್ಲಿ ದುಡಿಮೆಗೆ ಪ್ರತಿಯಾಗಿ ಊಟ ವಸತಿ ಪಡೆದರೂ ಅದು ಕೆಲಸವೇ. ಕೆಲಸ ಮಾಡಲು ಅನುಮತಿಯಿರುವ ವೀಸಾ ಬೇಕು. ಬ್ರಿಟನ್ನಿಗೆ ಪ್ರವಾಸಿಯಾಗಿ ಹೋದವರು ನೋಂದಾಯಿತ ಧರ್ಮಾರ್ಥ ಸಂಸ್ಥೆಯೊಂದಕ್ಕೆ 30 ದಿನದ ಮಿತಿಯಲ್ಲಿ ಸ್ವಯಂಸೇವೆ ಮಾಡಬಹುದೇ ಹೊರತು, ಖಾಸಗಿ ಹೊಲದಲ್ಲಿ ಊಟಕ್ಕಾಗಿ ದುಡಿಯುವಂತಿಲ್ಲ. ‘ಸ್ವಯಂಪ್ರೇರಿತ ಕೆಲಸಗಾರರು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಹೆಸರನ್ನು ವೂಫ್ ಸಂಸ್ಥೆಗಳು ಬಿಟ್ಟು ‘ಅವಕಾಶಗಳು’ ಎಂಬ ಪದ ಸೇರಿಸಿಕೊಂಡದ್ದರ ಹಿಂದೆಯೂ ಗಡಿಯ ಅಧಿಕಾರಿಗಳ ಈ ತಕರಾರಿತ್ತು.

ಇದು ಕಾಗದದ ಮೇಲಿನ ಭಯವಲ್ಲ. 2025ರ ಆರಂಭದಲ್ಲಿ ಅಮೆರಿಕ ಸುತ್ತುತ್ತಿದ್ದ ಬ್ರಿಟನ್ನಿನ ಯುವತಿಯೊಬ್ಬಳು ಕೆನಡಾಕ್ಕೆ ಹೋಗಲು ಗಡಿಗೆ ಬಂದಳು. ಮನೆಗೆಲಸಕ್ಕೆ ನೆರವಾಗಿ ಅದಕ್ಕೆ ಪ್ರತಿಯಾಗಿ ಕುಟುಂಬದೊಡನೆ ತಂಗುವ ಏರ್ಪಾಡು ಅವಳದು. ಅದು ಕೆಲಸವೆಂದು ಕೆನಡಾದವರು ಹಿಂದೆ ಕಳಿಸಿದರು. ಅಮೆರಿಕದವರು ವೀಸಾ ನಿಯಮ ಮುರಿದಳೆಂದು ಬಂಧನ ಕೇಂದ್ರಕ್ಕೆ ಹಾಕಿದರು. ಊರಿಗೆ ಮರಳಲು ಅವಳಿಗೆ ಹತ್ತೊಂಬತ್ತು ದಿನ ಹಿಡಿಯಿತು. ಬ್ರಿಟಿಷ್ ಪಾಸ್‌ಪೋರ್ಟಿಗೇ ಈ ಗತಿಯಾದರೆ, ಹೆಜ್ಜೆಹೆಜ್ಜೆಗೂ ವೀಸಾ ಕೇಳಿಸಿಕೊಳ್ಳುವ ನಮ್ಮ ಮಕ್ಕಳು ಎಷ್ಟು ಎಚ್ಚರವಾಗಿರಬೇಕು!

ಹಾಗಾದರೆ ದಾರಿಯಿಲ್ಲವೇ? ಇದೆ, ಕಿರಿದಾಗಿದೆ. ಭಾರತ ಮತ್ತು ಬ್ರಿಟನ್ ನಡುವೆ 2023ರಲ್ಲಿ ಜಾರಿಗೆ ಬಂದ ಯುವ ವೃತ್ತಿಪರರ ಯೋಜನೆಯಲ್ಲಿ 18ರಿಂದ 30 ವರ್ಷದ ಪದವೀಧರರಿಗೆ ಎರಡು ವರ್ಷ ಅಲ್ಲಿ ನೆಲೆಸಿ ದುಡಿಯಲು ಅವಕಾಶವಿದೆ. ವರ್ಷಕ್ಕೆ 3,000 ಮಂದಿ, ಆಯ್ಕೆ ಲಾಟರಿಯಿಂದ. ಬ್ಯಾಂಕಿನಲ್ಲಿ 2,530 ಪೌಂಡ್ ಇದೆಯೆಂದು ತೋರಿಸಬೇಕು. ಆಸ್ಟ್ರೇಲಿಯಾ 2024ರಿಂದ ಇಂಥದೇ ‘ದುಡಿಮೆ ಮತ್ತು ರಜೆ’ಯ ವೀಸಾವನ್ನು ವರ್ಷಕ್ಕೆ 1,000 ಭಾರತೀಯರಿಗೆ, ಇದನ್ನೂ ಲಾಟರಿ ಎತ್ತಿ, ನೀಡುತ್ತಿದೆ. ಈಗಾಗಲೇ ಬ್ರಿಟನ್ನಿನಲ್ಲಿ ಪದವಿ ಓದುತ್ತಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿ ಕೆಲಸ ಮಾಡುವಂತಿಲ್ಲ. ಸಂಬಳವಿಲ್ಲದ ಕೆಲಸವೂ ಆ ಲೆಕ್ಕಕ್ಕೆ ಸೇರುತ್ತದೆ. ರಜೆಯಲ್ಲಿ ಹೋಗುವ ಮುನ್ನ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ನಿಯಮಗಳು ಆಗಾಗ ಬದಲಾಗುತ್ತವೆ. ಗೆಳೆಯನ ಮಾತನ್ನಲ್ಲ, ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನೇ ನಂಬಬೇಕು.

ತಂದೆ ತಾಯಿ ಕೇಳಬೇಕಾದದ್ದು

ಮಗಳು ಹೀಗೊಂದು ಯೋಜನೆ ಹಿಡಿದು ಬಂದಾಗ ‘ಬೇಡ’ ಎಂದುಬಿಡುವುದು ಸುಲಭ. ಅದಕ್ಕಿಂತ ಒಳ್ಳೆಯದು ಕೂರಿಸಿಕೊಂಡು ಪ್ರಶ್ನೆ ಕೇಳುವುದು. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ಕೆಲಸ? ಮಲಗುವ ಕೋಣೆ ಪ್ರತ್ಯೇಕವೇ, ಒಳಗಿನಿಂದ ಚಿಲಕವಿದೆಯೇ? ಮನೆಯಲ್ಲಿ ಯಾರ್‍ಯಾರಿದ್ದಾರೆ? ಹಿಂದೆ ಅಲ್ಲಿ ತಂಗಿದ್ದ ಹೆಣ್ಣುಮಕ್ಕಳು ಏನು ಹೇಳುತ್ತಾರೆ? ಹತ್ತಿರದ ಬಸ್ಸು ಎಷ್ಟು ದೂರ? ಯಂತ್ರಗಳ ಬಳಿ ಕೆಲಸವಿದೆಯೇ, ಗಾಯವಾದರೆ ವಿಮೆ ಇದೆಯೇ?

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು: ಇಷ್ಟವಾಗದಿದ್ದರೆ ಅದೇ ದಿನ ಹೊರಟು ನಾಲ್ಕು ರಾತ್ರಿ ಬೇರೆಡೆ ತಂಗಲು ಕೈಯಲ್ಲಿ ಹಣವಿದೆಯೇ? ಮುಯ್ಯಿ ಸಮನಾಗಿರುವುದು ಇಬ್ಬರಿಗೂ ಎದ್ದು ಹೋಗುವ ಸ್ವಾತಂತ್ರ್ಯವಿದ್ದಾಗ ಮಾತ್ರ. ಹಿಂತಿರುಗುವ ಟಿಕೆಟ್ಟೂ ಒಂದಿಷ್ಟು ಹಣವೂ ಇಲ್ಲದೆ ಹೋದವಳು ಎಂಟು ಗಂಟೆ ದುಡಿ ಎಂದರೆ ದುಡಿಯುತ್ತಾಳೆ, ಹತ್ತು ಗಂಟೆ ಎಂದರೂ ದುಡಿಯುತ್ತಾಳೆ. ಸ್ವಯಂಸೇವಕರ ಹೆಸರಿನಲ್ಲಿ ಲಾಭದ ವ್ಯಾಪಾರ ನಡೆಸುವವರೂ ಇದ್ದಾರೆ. ನ್ಯೂಜಿಲೆಂಡಿನ ಕಾರ್ಮಿಕ ಇಲಾಖೆಯ ತನಿಖಾಧಿಕಾರಿಗಳು ಇಂಥವರ ಮೇಲೆ ಕ್ರಮ ಜರುಗಿಸಿ, ಅಲ್ಲಿ ದುಡಿದವರು ಕನಿಷ್ಠ ಕೂಲಿಗೆ ಹಕ್ಕುಳ್ಳ ನೌಕರರೆಂದು ವಾದಿಸಿದ್ದುಂಟು. ಹಾಗೆಂದು ಒಳ್ಳೆಯ ಮನೆಗಳಿಲ್ಲವೆಂದಲ್ಲ. ಐವತ್ತು ವರ್ಷ ದಾಟಿಯೂ ಈ ಪದ್ಧತಿ ಉಳಿದಿರುವುದು ಅಂಥ ಮನೆಗಳಿಂದಲೇ.

ಹದಿನೆಂಟು ತುಂಬಿದ ಮಕ್ಕಳಿಗೆ ಮೊದಲ ಪಾಠ ಊರ ಹತ್ತಿರವೇ ಆಗಬಹುದು. ವೀಸಾ ಬೇಡ, ವಿಮಾನ ಬೇಡ. ನಮ್ಮ ರಾಜ್ಯದಲ್ಲೂ ಸಾವಯವ ಬೇಸಾಯ ಮಾಡುವ ಸಂಸಾರಗಳಿಗೆ ಬರವಿಲ್ಲ. ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ವಾರ ಮಲೆನಾಡಿನ ತೋಟದಲ್ಲೋ ಬಯಲುಸೀಮೆಯ ಹೊಲದಲ್ಲೋ ದುಡಿದು ನೋಡಿದರೆ, ಬೆನ್ನು ಬಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಅಪರಿಚಿತರ ಮನೆಯಲ್ಲಿ ಹೇಗಿರಬೇಕೆಂಬುದೂ ತಿಳಿಯುತ್ತದೆ. ಸೂ ಕಾಪರ್ಡ್ ಅವರ ಮೊದಲ ಯಾತ್ರೆಯೂ ರೈಲಿನಲ್ಲಿ ಒಂದು ಗಂಟೆಯ ದೂರದ್ದೇ ಆಗಿತ್ತು, ಎರಡೇ ದಿನದ್ದಾಗಿತ್ತು.

ಕತ್ತಲಾಗುತ್ತಿದ್ದಂತೆ ಸಸೆಕ್ಸಿನ ಹೊಲಮನೆಗಳಲ್ಲಿ ಒಂದು ಕೊನೆಯ ಕೆಲಸ ಉಳಿದಿರುತ್ತದೆ. ಕೋಳಿಗಳು ತಾವಾಗಿಯೇ ಗೂಡು ಸೇರಿರುತ್ತವೆ; ಯಾರಾದರೂ ಹೋಗಿ ಎಣಿಸಿ ಬಾಗಿಲು ಹಾಕಬೇಕು. ಮರೆತರೆ ಬೆಳಗಾಗುವಷ್ಟರಲ್ಲಿ ನರಿ ಬಂದು ಹೋಗಿರುತ್ತದೆ. ಬಂದ ಮೊದಲ ದಿನ ಈ ಕೆಲಸವನ್ನು ಹೊಸಬರಿಗೆ ಯಾರೂ ಒಪ್ಪಿಸುವುದಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ಒಂದು ಸಂಜೆ ಮನೆಯವರು ಮೇಜಿನಿಂದ ಏಳದೆ, ‘ಕೋಳಿ ಗೂಡು ನೀನೇ ಹಾಕಿ ಬರುತ್ತೀಯಾ?’ ಎಂದು ಕೇಳುತ್ತಾರೆ. ಬೂಟು ಮೆಟ್ಟಿ, ಟಾರ್ಚು ಹಿಡಿದು, ಒದ್ದೆ ಹುಲ್ಲಿನಲ್ಲಿ ಒಬ್ಬಳೇ ನಡೆದು, ಇಪ್ಪತ್ತನ್ನೂ ಎಣಿಸಿ, ಚಿಲಕ ಹಾಕಿ ಮರಳುವ ಹುಡುಗಿಗೆ ಆ ಮನೆಯಲ್ಲಿ ತಾನೀಗ ಯಾರು ಎಂಬುದು ಯಾರೂ ಹೇಳದೆಯೇ ತಿಳಿದಿರುತ್ತದೆ.